ಗೋಣೆಪ್ಪನ ಎಂಟು

ಡೋಣಿ ಊರಿನ ಸಾವಕ್ಕನಿಗೆ ಗಂಡ ಮನೆಗೆ ಬರುವ ಸುದ್ದಿ ಮೊದಲು ಕಿವಿಗೆ ಮುಟ್ಟುತ್ತಿತ್ತು. ಗುಡ್ಡದ ಬುಡದ ಹೊಲದಲ್ಲಿ ಹತ್ತಿ ಬಿಡಿಸುತ್ತ ನಿಂತಾಗ ದೂರದ ದಾರಿಯಿಂದ ಗಿಡ್ಡನ ಸದ್ದು ಬರುತ್ತಿತ್ತು. ಧಕ್, ಧಕ್, ಒಂದು ಬಡಿತ ನುಂಗಿಕೊಂಡು ಮತ್ತೆ ಧಕ್. ಗುಡ್ಡದ ಮೇಲೆ ಕರೆಂಟಿನ ಗಾಳಿ ಫ್ಯಾನುಗಳು ಎಷ್ಟೇ ಗುಂಯ್ ಅನ್ನಲಿ, ಆ ಸದ್ದು ಬೇರೆಯಾಗಿ ಕೇಳುತ್ತಿತ್ತು. ಕೇಳಿದ ಕೂಡಲೇ ಅವಳು ಉಡಿಯ ಹತ್ತಿಯನ್ನು ಚೀಲಕ್ಕೆ ಸುರುವಿ ಮನೆಯ ದಾರಿ ಹಿಡಿಯುತ್ತಿದ್ದಳು. ಅವನು ಗಾಡಿ ನಿಲ್ಲಿಸಿ ಕೈಕಾಲು ತೊಳೆಯುವುದಕ್ಕೂ ಅವಳು ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಕ್ಕೂ ಸರಿಹೋಗುತ್ತಿತ್ತು.

ಗಿಡ್ಡ ಎಂದರೆ ಗೋಣೆಪ್ಪನ ಟ್ರ್ಯಾಕ್ಟರ್. ಈಗಿನ ಟ್ರ್ಯಾಕ್ಟರುಗಳ ಪಕ್ಕ ನಿಲ್ಲಿಸಿದರೆ ಅವು ಹಾಕಿದ ಕರುವಿನ ಹಾಗೆ ಕಾಣುತ್ತದೆ. ಒಂದೇ ಪಿಸ್ಟನ್. ಬಣ್ಣ ಯಾವುದಿತ್ತೋ ಯಾರಿಗೂ ಗೊತ್ತಿಲ್ಲ. ಅಂತೂರ ಬೆಂತೂರಿನ ಒಬ್ಬ ದೊಡ್ಡ ರೈತ ಹೊಸದು ತಂದ ಮೇಲೆ ಇದನ್ನು ದನದ ಕೊಟ್ಟಿಗೆಯಲ್ಲಿ ಬಿಟ್ಟಿದ್ದ. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಗೋಣೆಪ್ಪ ಅದನ್ನು ನೋಡಿ ಬಂದವನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಹೋಗಿ ಕೋಳಿಯನ್ನು ಎಬ್ಬಿಸಿ ಟ್ರ್ಯಾಕ್ಟರ್ ತಂದ.

"ಇದೇನ್ರಿ, ಇಷ್ಟ ಗಿಡ್ಡ ಐತಿ!" ಎಂದಿದ್ದಳು ಸಾವಕ್ಕ.

"ನೀ ಏನ ಉದ್ದ ಇದ್ದೀ ಏನ? ನಿನ್ನ ಕಟಗೊಂಡಿಲ್ಲ ನಾ?"

ಅಂದಿನಿಂದ ಅದಕ್ಕೆ ಗಿಡ್ಡ ಎಂಬ ಹೆಸರು ನಿಂತಿತು.

ಅದನ್ನು ಚಾಲೂ ಮಾಡುವುದು ಇಬ್ಬರ ಕೆಲಸ. ಗೋಣೆಪ್ಪ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಇಂಜಿನ್ನಿನ ತಲೆಯ ಮೇಲೆ ಒಂದು ಸಣ್ಣ ಕಡ್ಡಿ ಇದೆ, ಅದನ್ನು ಎತ್ತಿ ಹಿಡಿದರೆ ಇಂಜಿನ್ ಹಗುರಾಗಿ ತಿರುಗುತ್ತದೆ. ವೇಗ ಬಂದಾಗ ಕಡ್ಡಿ ಬಿಟ್ಟರೆ ಧಕ್ ಎಂದು ಹತ್ತುತ್ತದೆ. ಕಡ್ಡಿ ಹಿಡಿಯುವವಳು ಸಾವಕ್ಕ. "ಬಿಡು!" ಅಂದರೆ ಬಿಡಬೇಕು. ಒಂದು ಗಳಿಗೆ ತಡವಾದರೆ ಬೈಗುಳ. ದಿನಾ ಬೆಳಿಗ್ಗೆ ಗಂಡ ಹೆಂಡತಿ ಮಾತಾಡುವ ಮೊದಲ ಮಾತು ಅದೇ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಗೋಣೆಪ್ಪ ಮಾಡುತ್ತಿದ್ದದ್ದು ಕಟ್ಟಿಗೆ ವ್ಯಾಪಾರ. ಗುಡ್ಡದ ಗಿಡ ಮುಟ್ಟುವ ಹಾಗಿಲ್ಲ, ಅವನೂ ಮುಟ್ಟಿದವನಲ್ಲ. ಸಿಂಗಟಾಲೂರಿನ ಕಾಲುವೆ ನೀರು ಬರುತ್ತದೆಂದು ಜನ ಬದುವಿನ ಬಳ್ಳಾರಿ ಜಾಲಿ ಕೀಳಿಸಿ ಹೊಲ ಹಸನು ಮಾಡುತ್ತಿದ್ದರು. ಬೊಡ್ಡೆಗಳನ್ನು ಒಯ್ದರೆ ಸಾಕು ಅನ್ನುತ್ತಿದ್ದರು. ಇವನು ಗಿಡ್ಡನ ಹಿಂದೆ ಸಣ್ಣ ಟ್ರೇಲರ್ ಕಟ್ಟಿಕೊಂಡು ಹೋಗಿ ಹೇರಿಕೊಂಡು ಬರುತ್ತಿದ್ದ. ಅಂಗಳದಲ್ಲಿ ಕೊಡಲಿಯಿಂದ ಸೀಳಿ ಬೆಟಗೇರಿಗೆ ಕಳಿಸುತ್ತಿದ್ದ. ಬೆಟಗೇರಿಯ ಗೋಪಣ್ಣ ನೂಲಿಗೆ ಬಣ್ಣ ಹಾಕುವವನು. ಬಣ್ಣದ ಹಂಡೆ ಕುದಿಯಲು ಅವನಿಗೆ ಒಂದೇ ಅಳತೆಯ ಸೀಳು ಕಟ್ಟಿಗೆ ಬೇಕು.

ಜಾಲಿ ಬೊಡ್ಡೆ ಸೀಳುವುದೆಂದರೆ ಕಲ್ಲು ಸೀಳಿದ ಹಾಗೆ. ಗೋಣೆಪ್ಪನ ಭುಜ ಸೋತಿತ್ತು. ಕಳೆದ ಬೇಸಗೆಯಲ್ಲಿ ಲಕ್ಷ್ಮೇಶ್ವರದಲ್ಲಿ ಮುಚ್ಚಿಹೋದ ಒಂದು ಕಟ್ಟಿಗೆ ಅಡ್ಡೆಯಿಂದ ಅವನು ಒಂದು ಮಷೀನು ತಂದ. ಉದ್ದನೆಯ ಕಬ್ಬಿಣದ ಮೇಜು. ಒಂದು ತುದಿಯಲ್ಲಿ ದುಂಡು ಗರಗಸ, ಅದು ಬೊಡ್ಡೆಯನ್ನು ತುಂಡು ಮಾಡುತ್ತದೆ. ಇನ್ನೊಂದು ತುದಿಯಲ್ಲಿ ತೊಡೆಯಷ್ಟು ದಪ್ಪದ ಬುಗುರಿ, ಮೈತುಂಬ ಸ್ಕ್ರೂ ಹಾಗೆ ಸುತ್ತು ಗೆರೆ. ತುಂಡನ್ನು ಅದರ ಮೂಗಿಗೆ ಹಿಡಿದರೆ ಬುಗುರಿ ಕೊರೆದುಕೊಂಡು ಒಳಗೆ ಎಳೆಯುತ್ತದೆ, ಕಟ್ಟಿಗೆ ತಾನಾಗಿ ಎರಡಾಗುತ್ತದೆ. ಗರಗಸ, ಬುಗುರಿ ಎರಡೂ ಒಂದೇ ಶಾಫ್ಟಿಗೆ. ಶಾಫ್ಟು ತಿರುಗಿಸಲು ಟ್ರ್ಯಾಕ್ಟರಿನಿಂದ ಅಗಲವಾದ ರಬ್ಬರ್ ಪಟ್ಟಾ, ಅಂದರೆ ಬೆಲ್ಟು, ಹಾಕಬೇಕು.

ಸಾವಕ್ಕ ಮಷೀನನ್ನು ಸುತ್ತು ಹಾಕಿ ನೋಡಿದಳು.

"ಅದು ಕೋಣಾ ಇದ್ದಂಗ ಐತಿ. ನಮ್ಮ ಗಿಡ್ಡ ಆಡು ಇದ್ದಂಗ ಐತಿ. ಎಲ್ಲಿ ಜೋಡಿ ಆಗತೈತ್ರಿ?"

"ಒಂದ ಎತ್ತು ಬಡದು, ಒಂದ ಎತ್ತು ಗಟ್ಟಿ ಇತ್ತಂದ್ರ ನಿಮ್ಮಪ್ಪ ಏನ ಮಾಡತಿದ್ದ?"

"ನೊಗದಾಗ ಮಿಣಿ ಸರಸ್ತಿದ್ದ. ಬಡದ್ದರ ಕಡಿ ನೊಗ ಉದ್ದ ಬಿಡತಿದ್ದ."

"ಹಾಂ, ಹಂಗ ಇದೂನು. ಗಿಡ್ಡನ ಕಡಿ ಸಣ್ಣ ಪುಲ್ಲಿ, ಮಷೀನಿನ ಕಡಿ ದೊಡ್ಡ ಪುಲ್ಲಿ. ಸಾವಕಾಶ ತಿರಗತೈತಿ, ಆದ್ರ ಹಿಡದದ್ದು ಬಿಡೂದಿಲ್ಲ."

"ಮತ್ತ ಪಟ್ಟಾ?"

"ಪಟ್ಟಾಕ್ಕ ಎಂಟು ಹಾಕಬೇಕು. ಎಂಟು ಹಾಕಿದ್ನೆಂದ್ರ ಜೋಡಿ ಕೂಡಿತಂತ ತಿಳಿ."

ಇಷ್ಟೇ ಮಾತು. ಅವಳು ಸರಿ ಅಂದು ಒಳಗೆ ಹೋದಳು. ಆಮೇಲೆ ಅವನು ಒಬ್ಬನೇ ಅಂಗಳದಲ್ಲಿ ಕಲ್ಲು ಹುಗಿದು ಮಷೀನಿಗೆ ಬೋಲ್ಟು ಹಾಕಿದ. ಗಿಡ್ಡ ಅಲುಗಾಡದಂತೆ ಗಾಲಿಗಳಿಗೆ ಕುಣಿ ತೋಡಿದ. ಬೆಳಿಗ್ಗೆ ಅವಳು ಕಡ್ಡಿ ಹಿಡಿದು ಚಾಲೂ ಮಾಡಿಸಿ ಹೊಲಕ್ಕೆ ಹೋದ ಮೇಲೆ ನಾಲ್ಕಾರು ದಿನ ನಡೆಸಿಯೂ ನೋಡಿದ. ಸಂಜೆ ಬಂದರೆ ಒಂದು ಮೂಲೆಯಲ್ಲಿ ಸೀಳಿದ ಕಟ್ಟಿಗೆ ಒಟ್ಟಿರುತ್ತಿತ್ತು. ಕೆಲಸ ಮುಗಿದ ಮೇಲೆ ಪಟ್ಟಾ ಬಿಚ್ಚಿ ಬೇವಿನ ಗಿಡಕ್ಕೆ ತೂಗುಹಾಕುವುದು ಅವನ ರೂಢಿ. ಹಾಗಾಗಿ ಪಟ್ಟಾ ಹಾಕಿದ್ದನ್ನು ಅವಳು ನೋಡಲೇ ಇಲ್ಲ.

ಒಂದು ಸಂಜೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ನೀರು ಕೇಳಿದ. ಗದಗಕ್ಕೆ ಒಯ್ಯುವಾಗ ದಾರಿಯಲ್ಲಿ ಹೋದ. ಜೀಪಿನಲ್ಲಿ ಅವನ ತಲೆ ಅವಳ ತೊಡೆಯ ಮೇಲಿತ್ತು. ಯಾವ ಊರು ದಾಟುವಾಗ ಹೋದನೆಂದು ಅವಳಿಗೆ ತಿಳಿಯಲಿಲ್ಲ.

ಮಾಡಬೇಕಾದ್ದೆಲ್ಲ ಆಯಿತು. ಬಂದವರು ಹೋದರು. ಅವನ ಅರಿವೆಗಳನ್ನು ಯಾರು ಯಾರೋ ಒಯ್ದರು. ಕೊನೆಯ ದಿನ ಮಷೀನಿನ ಕೆಲಸ ಮಾಡಿ ಬಂದು ಗೂಟಕ್ಕೆ ತಗುಲಿಸಿದ ಖಾಕಿ ಪ್ಯಾಂಟು, ಅಂಗಿ ಮಾತ್ರ ಅಲ್ಲೇ ಇದ್ದವು. ಒಗೆಯಲಿಲ್ಲ. ಯಾರಿಗೂ ಕೊಡಲಿಲ್ಲ.

ಕಿವಿ ಮಾತ್ರ ಸುಮ್ಮನಿರಲಿಲ್ಲ. ಹೊಲದಲ್ಲಿ ನಿಂತರೆ ದಾರಿಯ ಕಡೆ ಹೋಗುತ್ತಿತ್ತು. ಯಾವುದೋ ಮೋಟಾರ್ ಸೈಕಲ್, ಯಾವುದೋ ಹಾಲಿನ ಗಾಡಿ. ಧಕ್ ಎನ್ನುವುದು ಯಾವುದೂ ಇಲ್ಲ. ಒಮ್ಮೊಮ್ಮೆ ಅವಳು ಹೊತ್ತು ಮುಳುಗಿದ ಮೇಲೂ ಅಲ್ಲೇ ನಿಂತಿರುತ್ತಿದ್ದಳು. ಮನೆಗೆ ಹೋಗುವ ಹೊತ್ತಾಯಿತು ಎಂದು ಹೇಳುವವರು ಯಾರೂ ಇರಲಿಲ್ಲ.

ಗಿಡ್ಡ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಮಳೆಗಾಲ ಹೋಯಿತು, ಚಳಿ ಬಂತು. ಮೈದುನ ಸುಭಾಸ ಮುಂಡರಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಕೆಟ್ಟವನಲ್ಲ. ಅಮಾವಾಸ್ಯೆಗೊಮ್ಮೆ ಬಂದು ಅಕ್ಕಿ, ಎಣ್ಣೆ ಇಟ್ಟು ಹೋಗುತ್ತಿದ್ದ. ಒಂದು ಸಲ ಬಂದಾಗ ತಾಡಪತ್ರಿ ಎತ್ತಿ ನೋಡಿದ.

"ವೈನಿ, ಇದನ್ನ ಗುಜರಿಗೆ ಕೊಟ್ಟಬಿಡೂಣು. ತುಕ್ಕ ತಿನ್ನಾಕತ್ತೈತಿ. ಮಷೀನಿಗೆ ಒಂದ ಕರೆಂಟ್ ಮೋಟಾರ ಕುಂಡ್ರಸೂಣು. ಗುಂಡಿ ಒತ್ತಿದ್ರ ಆತು, ನಿನಗೂ ಹಗರ."

"ಗಿಡ್ಡಗ ಮಷೀನು ಜೋಡಿ ಆಗತೈತಂತ ನಿಮ್ಮಣ್ಣ ಅಂದಿದ್ರು."

"ಅಂವ ಪ್ರೀತೀಲೆ ಅಂದಿರತಾನ. ಇದರ ತಾಕತ್ತ ಎಷ್ಟ ಐತಿ? ನಾಯಿ ಮೈಮ್ಯಾಲ ನೊಗ ಇಟ್ಟಂಗ."

ಸಾವಕ್ಕ ತಾಡಪತ್ರಿಯನ್ನು ಮತ್ತೆ ಎಳೆದು ಮುಚ್ಚಿದಳು. ತನಗೆ ಆ ಸದ್ದು ಬೇಕು ಎಂದು ಹೇಗೆ ಹೇಳುವುದು? ಸದ್ದಿಗಾಗಿ ಯಾರಾದರೂ ಕಬ್ಬಿಣ ಇಟ್ಟುಕೊಳ್ಳುತ್ತಾರೆಯೇ? ಹೇಳಿದರೆ ತಲೆ ಕೆಟ್ಟಿತು ಅನ್ನುತ್ತಾರೆ. ಕಡೆಗೆ ಅಂದಳು:

"ಹಚ್ಚಿ ನೋಡೂಣು. ಮಷೀನು ಎಳೀತಂದ್ರ ಗಿಡ್ಡ ಇಲ್ಲೇ ಇರತೈತಿ. ಎಳೀಲಿಲ್ಲಂದ್ರ ಒಯ್ಯಿ."

"ಮಾತು?"

"ಮಾತು."

ಮರುದಿನವೇ ಹಚ್ಚಿದರು. ಬೇವಿನ ಗಿಡದಿಂದ ಪಟ್ಟಾ ಇಳಿಸಿ ಗಿಡ್ಡನ ಪುಲ್ಲಿಗೂ ಮಷೀನಿನ ಪುಲ್ಲಿಗೂ ಹಾಕಿದರು. ಪಟ್ಟಾ ಉದ್ದವಾಯಿತು. ನಡುವೆ ತೊಟ್ಟಿಲ ಹಾಗೆ ಜೋಲು ಬಿತ್ತು.

"ಸಡ್ಲ ಐತಲ್ಲ ವೈನಿ. ಕತ್ತರಿಸಿ ಹೊಲಸೂಣೇನು?"

"ಬ್ಯಾಡ. ಹಿಂಗ ಇರಬೇಕು. ಕೆಳಗ ಹೊಟ್ಟಿ ಬಿಟ್ಟ ಹಾಕಬೇಕಂತ ಅವರು ಹೇಳಿದ್ರು."

ಹೊಟ್ಟೆ ಎಂಬ ಮಾತು ಗೋಣೆಪ್ಪನ ಬಾಯಿಂದ ಬಂದದ್ದಲ್ಲ. ಅವನು ಅಂದದ್ದು ಎಂಟು. ಆದರೆ ಸಾವಕ್ಕ ಮೂರನೆಯ ತರಗತಿಯವರೆಗೆ ಶಾಲೆಗೆ ಹೋದವಳು, ಎಂಟು ಬರೆಯುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ಹೊಟ್ಟೆ, ಮೇಲೆ ತೆರೆದ ಬಾಯಿ. ಪಟ್ಟಾ ಜೋಲು ಬಿದ್ದದ್ದು ನೋಡಿ, ಇದೇ ಎಂಟು, ಸರಿಯಾಯಿತು ಎಂದುಕೊಂಡಳು. ಅಣ್ಣ ಹೇಳಿದ್ದೆಂದ ಮೇಲೆ ಸುಭಾಸನೂ ಎದುರಾಡಲಿಲ್ಲ.

ಸುಭಾಸ ಹ್ಯಾಂಡಲ್ ಹಿಡಿದ. ಅವಳು ಕಡ್ಡಿ ಹಿಡಿದಳು. ಅವನು "ಬಿಡು" ಅನ್ನಲಿಲ್ಲ, ಅವನಿಗೆ ಗೊತ್ತಿಲ್ಲವಲ್ಲ. ಅವಳೇ ಲೆಕ್ಕ ಹಿಡಿದು ಬಿಟ್ಟಳು. ಧಕ್ ಎಂದು ಹೊಗೆ ಉಗುಳಿ ಗಿಡ್ಡ ಎದ್ದಿತು. ಅವಳು ಮುಖ ಆ ಕಡೆ ಮಾಡಿದಳು.

ಗರಗಸ ತಿರುಗಿತು. ಸಣ್ಣ ಬೊಡ್ಡೆ ಕೊಟ್ಟರೆ ಕೊಯ್ಯಿತು, ಆದರೆ ಕಟ್ಟಿಗೆ ಕುಣಿಯುತ್ತಿತ್ತು, ಪುಡಿಯೆಲ್ಲ ಮೇಲಕ್ಕೆ ಚಿಮ್ಮಿ ಸಾವಕ್ಕನ ಮುಖಕ್ಕೆ, ಕಣ್ಣಿಗೆ, ತಲೆಗೆ ಬೀಳುತ್ತಿತ್ತು. ಬುಗುರಿಯ ಮೂಗಿಗೆ ತುಂಡು ಹಿಡಿದರೆ ಒಳಗೆ ಹೋಗಲಿಲ್ಲ. ಸುಭಾಸ ಜೋರಾಗಿ ಒತ್ತಿದ. ಬುಗುರಿ ತುಂಡನ್ನು ಹಿಂದಕ್ಕೆ ನೂಕಿತು. ಇನ್ನೂ ಒತ್ತಿದ. ಪಟ್ಟಾ ಜಾರಿತು, ಸುಟ್ಟ ರಬ್ಬರಿನ ವಾಸನೆ ಬಂತು, ಪುಲ್ಲಿಯಿಂದ ಹೊಗೆ ಎದ್ದಿತು.

"ನೋಡಿದಿಲ್ಲ ವೈನಿ? ಸಣ್ಣ ಕೆಲಸ ಮಾಡತೈತಿ, ದೊಡ್ಡ ಕೆಲಸಕ್ಕ ದಮ್ಮ ಇಲ್ಲ. ವಯಸ್ಸಾತು ಪಾಪ."

ಅವಳು ತಾನೇ ಹೋಗಿ ಇಂಜಿನ್ ಆರಿಸಿದಳು.

"ಸೋಮವಾರ ಗುಜರಿ ಗಾಡಿ ಕರಕೊಂಡ ಬರತೇನಿ. ಮುಂಜಾನೆ ಫಕೀರೇಶ ಬಂದು ಇಂಜಿನ್ ಬಿಚ್ಚಿ ಇಡತಾನ," ಎಂದು ಹೇಳಿ ಸುಭಾಸ ಹೋದ. ಫಕೀರೇಶ ಮುಂಡರಗಿಯ ಮೆಕ್ಯಾನಿಕ್. ಗಿಡ್ಡನ ಕಾಯಿಲೆ ಕಸಾಲೆ ನೋಡಿದವನು ಅವನೇ.

ಭಾನುವಾರ ಸಾವಕ್ಕ ಒಬ್ಬಳೇ ಗಿಡ್ಡನನ್ನು ಚಾಲೂ ಮಾಡಿದಳು. ಕೊನೆಯ ದಿನ, ಕೇಳಿಕೊಳ್ಳೋಣ ಎಂದು. ಹಳೆಯ ಸೀರೆಯ ಅಂಚು ಹರಿದು ಕಡ್ಡಿಗೆ ಕಟ್ಟಿದಳು. ಬಲಗೈಯಲ್ಲಿ ಹ್ಯಾಂಡಲ್, ಎಡಗೈಯಲ್ಲಿ ಆ ಅಂಚು. ಹೆಬ್ಬೆರಳು ಮಡಚಿ ಹಿಡಿಯಬಾರದು, ಹ್ಯಾಂಡಲ್ ಹಿಂದೆ ಒದ್ದರೆ ಮುರಿಯುತ್ತದೆ ಎಂದು ಗೋಣೆಪ್ಪ ಯಾರಿಗೋ ಹೇಳುತ್ತಿದ್ದದ್ದು ನೆನಪಿತ್ತು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮತ್ತೆ ಹೊಡೆದಳು. "ಬಿಡು" ಎಂದು ತನಗೆ ತಾನೇ ಹೇಳಿ ಅಂಚು ಬಿಟ್ಟಳು. ಹತ್ತಿತು.

ಹತ್ತಿದ ಮೇಲೆ ಸುಮ್ಮನೆ ನಿಲ್ಲಲಿಲ್ಲ. ಪಟ್ಟಾ ಇನ್ನೂ ಹಾಗೇ ಇತ್ತು, ಮಷೀನು ತಿರುಗುತ್ತಿತ್ತು. ಸಿಕ್ಕ ಬೊಡ್ಡೆಗಳನ್ನೆಲ್ಲ ಗರಗಸಕ್ಕೆ ಕೊಟ್ಟಳು. ಬುಗುರಿಗೆ ಹಿಡಿದು ಹಿಡಿದು ಕೈ ಜೋಮು ಹಿಡಿಯಿತು. ಅದು ನೂಕುತ್ತಲೇ ಇತ್ತು. ಬಾ ಅಂದರೆ ಹೋಗು ಅನ್ನುವ ಹಾಗೆ. ಕಡೆಗೆ ಆರಿಸಿ ಕಟ್ಟೆಯ ಮೇಲೆ ಕೂತಳು.

ಗೋಡೆಯ ಆಚೆ ಮನೆಯ ದಿಲಶಾದಬಿ ಸದ್ದು ಕೇಳಿ ಬಂದಿದ್ದಳು. ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕಳು.

"ಯವ್ವಾ, ಏನ ಸಾವಕ್ಕ, ಹಿಟ್ಟಿನ ಗಿರಣ್ಯಾಗ ಬಿದ್ದ ಬಂದೀ ಏನ? ಹುಬ್ಬ ಸೈತ ಬೆಳ್ಳಗಾಗ್ಯಾವ!"

"ನಗು. ನಿನಗೇನ."

"ಅಲ್ಲವ್ವಾ, ಗೋಣೆಪ್ಪ ಇದ ಕೆಲಸ ಮಾಡಿ ನಮ್ಮನಿಗೆ ಅಡಕಿ ಕೇಳಾಕ ಬರತಿದ್ದ. ಮಾರಿ ಈಗ ತೊಳಕೊಂಡ ಬಂದಂಗ ಇರತಿತ್ತು. ಕಾಲ ಮಾತ್ರ ಹಂಗ... ಒಳಗ ಬರಬ್ಯಾಡೋ ಮಾರಾಯಾ, ಈಗರೆ ಸಾರಿಸೇನಿ ಅಂತಿದ್ದೆ ನಾ."

ದಿಲಶಾದಬಿ ಮಾತು ಮುಗಿಸಿ ಚಹಾಕ್ಕೆ ಬಾ ಎಂದು ಕರೆದು ಹೋದಳು. ಸಾವಕ್ಕ ಹೋಗಲಿಲ್ಲ. ಎದ್ದು ಒಳಗೆ ಹೋಗಿ ಗೂಟದ ಮುಂದೆ ನಿಂತಳು.

ಅಂಗಿಯನ್ನು ಕೈಯಿಂದ ಮುಟ್ಟಿದಳು. ಹೆಗಲು, ಎದೆ, ಕಾಲರು. ಬೆವರಿನ ಉಪ್ಪು ಇತ್ತು, ಪುಡಿ ಇರಲಿಲ್ಲ. ಗೋಣೆಪ್ಪ ಪ್ಯಾಂಟಿನ ಅಂಚನ್ನು ಎರಡು ಸುತ್ತು ಮೇಲಕ್ಕೆ ಮಡಚಿಕೊಳ್ಳುತ್ತಿದ್ದ. ಅವಳು ನೆಲಕ್ಕೆ ಕೂತು ಬಲಗಾಲಿನ ಮಡಿಕೆಯನ್ನು ಬಿಚ್ಚಿದಳು. ಒಂದು ಹಿಡಿ ಜಾಲಿಯ ಪುಡಿ ಅವಳ ಅಂಗೈಗೆ ಬಿತ್ತು. ಹಳತಾಗಿ ಕೆಂಪಾಗಿ ಒಣಗಿತ್ತು, ಇನ್ನೂ ಸ್ವಲ್ಪ ವಾಸನೆ ಇತ್ತು.

ಎಡಗಾಲಿನದನ್ನು ಬಿಚ್ಚಲಿಲ್ಲ.

ಪುಡಿ ಹಿಡಿದು ಕೂತು ಯೋಚಿಸಿದಳು. ಅವನಿಗೆ ಕಾಲಿಗೆ ಬಿದ್ದದ್ದು ತನಗೆ ಯಾಕೆ ಮುಖಕ್ಕೆ ಬೀಳುತ್ತದೆ? ಗರಗಸ ಮೇಲಿನಿಂದ ಕೆಳಕ್ಕೆ ಬಂದರೆ ಪುಡಿ ಕೆಳಕ್ಕೆ ಹೋಗಬೇಕು. ಕೆಳಗಿನಿಂದ ಮೇಲಕ್ಕೆ ಬಂದರೆ ಮುಖಕ್ಕೆ ಹೊಡೆಯಬೇಕು. ಅಂದರೆ ಮಷೀನು ತಿರುಗಬೇಕಾದ ಕಡೆಗೆ ತಿರುಗುತ್ತಿಲ್ಲ. ಬುಗುರಿಯೂ ಅದಕ್ಕೇ ನೂಕುತ್ತಿದೆ. ಗಿಡ್ಡನಿಗೆ ದಮ್ಮಿಲ್ಲ ಎಂದದ್ದು ಸುಳ್ಳು. ಅಷ್ಟು ತಿಳಿಯಿತು. ಯಾಕೆ ಹಾಗೆ ಎಂದು ಮಾತ್ರ ತಿಳಿಯಲಿಲ್ಲ. ಎಂಟು ಹಾಕಿದ್ದಾಗಿದೆಯಲ್ಲ.

ಸೋಮವಾರ ಬೆಳಿಗ್ಗೆ ಫಕೀರೇಶ ನಟ್ಟು ಬಿಚ್ಚುವ ಪಾನಾಗಳ ಚೀಲ ಹಾಕಿಕೊಂಡು ಬಂದ. ಬಾಯಿಬಡುಕ ಮನುಷ್ಯ.

"ಯಕ್ಕಾ, ಮದಲ ಒಂದ ಚಾ ಮಾಡು. ಹೆಣಾ ಎತ್ತೂಮುಂದ ಬರೇ ಹೊಟ್ಟೀಲೆ ಎತ್ತಬಾರ್ದು."

ಅಂದವನು ನಾಲಿಗೆ ಕಚ್ಚಿಕೊಂಡ. "ತಪ್ಪಾತ ಯಕ್ಕಾ. ಬಾಯಿ ಸುಡ್ಲಿ ನಂದು."

"ಇರಲಿ ಬಿಡು. ಹೆಣಾ ಅಲ್ಲ ಅದು. ನಿನ್ನಿ ನಾನ ಚಾಲೂ ಮಾಡೇನಿ."

"ನೀನು? ಒಬ್ಬಾಕೀನ?"

"ಮತ್ಯಾರ ಅದಾರಿಲ್ಲಿ?" ಎಂದಳು. "ಫಕೀರೇಶ, ಪಾನಾ ಹಚ್ಚಬ್ಯಾಡ ಇನ್ನ. ಮಷೀನು ಉಲ್ಟಾ ತಿರಗಾಕತ್ತೈತಿ."

"ಯಾರ ಹೇಳಿದ್ರು?"

"ಪ್ಯಾಂಟು ಹೇಳ್ತು."

ಫಕೀರೇಶ ಅವಳ ಮುಖ ನೋಡಿದ. ಹುಚ್ಚು ಹಿಡಿಯಿತೇನೋ ಎಂದುಕೊಂಡಿರಬೇಕು. ಆದರೂ ಮಷೀನಿನ ಹತ್ತಿರ ಹೋಗಿ ಬುಗುರಿಯ ಗೆರೆಗಳ ಮೇಲೆ ಬೆರಳಾಡಿಸಿದ. ಗಿಡ್ಡನ ಪುಲ್ಲಿ ಯಾವ ಕಡೆ ತಿರುಗುತ್ತದೆಂದು ಕೈಯಿಂದ ತಿರುಗಿಸಿ ನೋಡಿದ.

"ಖರೆ ಐತಲ್ಲ! ಉಲ್ಟಾನ ತಿರಗತೈತಿ. ಇದಕ್ಕ ಪಟ್ಟಾ ಎಂಟ ಹಾಕಬೇಕ ಯಕ್ಕಾ. ಗೋಣೆಪ್ಪಣ್ಣ ಹೇಳಿರಲಿಲ್ಲೇನ?"

"ಹೇಳಿದ್ರು. ಹಾಕೇನಿ."

"ಎಲ್ಲಿ ಹಾಕೀದಿ?"

"ಕಣ್ಣ ಇಲ್ಲೇನ ನಿನಗ? ಹೊಟ್ಟಿ ಕಾಣವಲ್ದಾ?"

"ಹೊಟ್ಟಿ? ಎಂಟಕ್ಕ ಹೊಟ್ಟಿ ಎಲ್ಲಿಂದ ಬಂತು? ಬಸರಾಗೇತೇನ ಅದು?"

ಸಾವಕ್ಕನಿಗೆ ಸಿಟ್ಟು ಬಂತು. ಕುಕ್ಕರುಗಾಲಲ್ಲಿ ಕೂತು ಅಂಗಳದ ಮಣ್ಣಿನ ಮೇಲೆ ಬೆರಳಿನಿಂದ ಬರೆದಳು: ೮.

"ಇದು ಎಂಟು ಹೌದಲ್ಲೋ? ಇದಕ್ಕ ಹೊಟ್ಟಿ ಐತೋ ಇಲ್ಲೋ?"

ಫಕೀರೇಶ ಬಗ್ಗಿ ನೋಡಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಜೋರಾಗಿ ನಕ್ಕ. ನಗು ನಿಲ್ಲಿಸಲಾಗದೆ ಗಿಡ್ಡನ ಗಾಲಿ ಹಿಡಿದುಕೊಂಡ.

"ಯವ್ವಾ ಯವ್ವಾ! ಇದು ಶಾಲಿ ಎಂಟು. ನಾ ಹೇಳಿದ್ದು ಗಾಡಿ ಎಂಟು!"

ಅವನೂ ಕೂತು ಅವಳ ಎಂಟಿನ ಪಕ್ಕ ಬರೆದ: 8. ಗೆರೆ ನಡುವೆ ಅಡ್ಡ ಹಾಯ್ದು ಮೇಲೊಂದು, ಕೆಳಗೊಂದು ಸುತ್ತು ಆಯಿತು.

"ನೋಡು, ಪಟ್ಟಾ ನಡುವ ಹಿಂಗ ಅಡ್ಡ ದಾಟಬೇಕು. ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ. ಆವಾಗ ಗಿಡ್ಡ ಒಂದ ಕಡಿ ತಿರಗಿದ್ರ ಮಷೀನು ಇನ್ನೊಂದ ಕಡಿ ತಿರಗತೈತಿ."

ಸಾವಕ್ಕ ಎರಡು ಎಂಟುಗಳನ್ನೂ ನೋಡಿದಳು. ಆ ಎಂಟನ್ನು ನೋಡಿರಲಿಲ್ಲ ಎಂದಲ್ಲ. ಬಸ್ಸಿನ ಮೇಲೆ, ಮೊಬೈಲಿನಲ್ಲಿ ನೂರು ಸಲ ನೋಡಿದ್ದಳು. ಆದರೆ ಯಾರಾದರೂ ಎಂಟು ಅಂದರೆ ಅವಳ ತಲೆಯಲ್ಲಿ ಮೂಡುತ್ತಿದ್ದದ್ದು ಶಾಲೆಯ ಕರಿಹಲಗೆಯ ಎಂಟು. ಗೋಣೆಪ್ಪ ಶಾಲೆಯ ಕಟ್ಟೆ ಹತ್ತಿದವನಲ್ಲ. ಹುಡುಗನಾಗಿದ್ದಾಗ ಲಾರಿಯ ಕ್ಲೀನರ್ ಆಗಿ ನಂಬರ್ ಪ್ಲೇಟ್ ಒರೆಸುತ್ತ ಅಂಕಿ ಕಲಿತವನು. ಅವನ ಎಂಟು ಅದೇ ಆಗಬೇಕು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಉಂಡರು. ಎಂಟು ಗಂಟೆ, ಎಂಟು ರೊಟ್ಟಿ, ಎಂಟು ದಿನ ಎಂದು ಎಷ್ಟು ಸಲ ಮಾತಾಡಿದರೋ. ಅವನ ತಲೆಯೊಳಗಿನ ಎಂಟು ಬೇರೆ, ತನ್ನದು ಬೇರೆ ಎಂದು ಇಬ್ಬರಿಗೂ ತಿಳಿದಿರಲಿಲ್ಲ.

ಇದನ್ನು ಕೇಳಿದ್ದರೆ ಅವನು ವಾರಗಟ್ಟಲೆ ನಗುತ್ತಿದ್ದ. ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಶಾಲೆ ಕಲಿತವಳು ನೋಡ್ರಿ ಎಂದು ಅವಳನ್ನು ಸಾಯುವತನಕ ಕಾಡುತ್ತಿದ್ದ.

"ಯಾಕ ಯಕ್ಕಾ, ಅಳಾಕತ್ತಿ?"

"ಇಲ್ಲೋ. ಪುಡಿ ಬಿದ್ದೈತಿ ಕಣ್ಣಾಗ."

"ಮಷೀನ ಬಂದ್ ಐತಲ್ಲ."

"ನಿನ್ನಿದು. ಪಟ್ಟಾ ಬಿಚ್ಚು."

ಇಬ್ಬರೂ ಪಟ್ಟಾ ಬಿಚ್ಚಿ ನಡುವೆ ಅಡ್ಡ ದಾಟಿಸಿ ಹಾಕಿದರು. ಆವತ್ತು ಉದ್ದವಾಗಿದ್ದ ಪಟ್ಟಾ ಈಗ ಉದ್ದವಾಗಲಿಲ್ಲ. ಹೊಟ್ಟೆ ಹೋಯಿತು. ಎರಡೂ ಪುಲ್ಲಿಗಳನ್ನು ತಬ್ಬಿಕೊಂಡು ಬಿಗಿಯಾಗಿ ಕೂತಿತು. ಗೋಣೆಪ್ಪ ಅಳತೆ ಮಾಡಿಯೇ ಕಲ್ಲು ಹುಗಿದಿದ್ದ, ಅಳತೆ ಮಾಡಿಯೇ ಕುಣಿ ತೋಡಿದ್ದ.

ಫಕೀರೇಶ ಹ್ಯಾಂಡಲಿಗೆ ಕೈ ಹಾಕಿದ. ಸಾವಕ್ಕ ಕಡ್ಡಿ ಎತ್ತಿ ಹಿಡಿದಳು.

"ಬಿಡು ಅನ್ನು," ಎಂದಳು.

"ಏನ?"

"ಜೋರ ಬಂದ ಕೂಡಲೇ ಬಿಡು ಅನ್ನು. ಒದರಿ ಅನ್ನು."

"ಬಿಡು!" ಎಂದು ಒದರಿದ ಫಕೀರೇಶ.

ಬಿಟ್ಟಳು. ಗಿಡ್ಡ ಎದ್ದಿತು. ಪಟ್ಟಾ ನಡುವೆ ತನ್ನ ಮೈಗೆ ತಾನೇ ಉಜ್ಜಿಕೊಳ್ಳುತ್ತ ಸರ್ ಸರ್ ಎಂದು ಓಡತೊಡಗಿತು. ಸಾವಕ್ಕ ಅತ್ಯಂತ ದೊಡ್ಡ ತುಂಡನ್ನೇ ಎತ್ತಿಕೊಂಡು ಬುಗುರಿಯ ಮೂಗಿಗೆ ಹಿಡಿದಳು. ಬುಗುರಿ ಕಚ್ಚಿತು. ಗಿಡ್ಡ ಒಮ್ಮೆ ಉಸಿರು ಕಟ್ಟಿದ ಹಾಗೆ ಮಾಡಿತು, ಬಡಿತ ನಿಧಾನವಾಯಿತು, ಒಂದೊಂದಾಗಿ ಎಣಿಸುವಷ್ಟು ನಿಧಾನವಾಯಿತು. ನಿಂತೇ ಹೋಯಿತು ಎಂದು ಫಕೀರೇಶ ಕೈ ಎತ್ತಿದ. ನಿಲ್ಲಲಿಲ್ಲ. ಜಾಲಿಯ ಬೊಡ್ಡೆ ಚಟ್ ಎಂದು ಸೀಳಿ ಎರಡು ಕಡೆ ಬಿತ್ತು.

"ಭಲೇ ಮುದುಕಾ!" ಎಂದು ಫಕೀರೇಶ ಗಿಡ್ಡನ ಬಾನೆಟ್ ಬಡಿದ.

ಸಾವಕ್ಕ ಸೀಳುಗಳನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದು ತುಂಡು ಹಿಡಿದಳು. ಮತ್ತೊಂದು. ಗರಗಸಕ್ಕೆ ಬೊಡ್ಡೆ ಕೊಟ್ಟಳು. ಪುಡಿ ಅವಳ ಪಾದಗಳ ಮೇಲೆ ಬಿತ್ತು.

ಗುಜರಿಯ ಗಾಡಿ ಜೊತೆಗೆ ಸುಭಾಸ ಬಂದಾಗ ಅಂಗಳದ ತುಂಬ ಸೀಳು ಕಟ್ಟಿಗೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಫಕೀರೇಶ ಎರಡು ಎಂಟುಗಳ ಕತೆಯನ್ನು ಕೈಬಾಯಿ ಮಾಡಿ ಹೇಳಿದ. ಸುಭಾಸ ನಗಲಿಲ್ಲ. ಅಡ್ಡ ಹಾಕಿದ ಪಟ್ಟಾವನ್ನು ಬಹಳ ಹೊತ್ತು ನೋಡಿದ.

"ಅಣ್ಣ ಹಚ್ಚಿದ್ದ ಹಂಗಾರ," ಎಂದ. ಆಮೇಲೆ, "ನಾನರೆ ಕೇಳಬೇಕಿತ್ತ ವೈನಿ, ಏನಂದಿದ್ದಾ ಅಂತ."

"ಮಾತಂದ್ರ ಮಾತು," ಎಂದಳು ಸಾವಕ್ಕ.

"ಇರಲಿ, ಇಲ್ಲೇ ಇರಲಿ," ಎಂದು ಅವನು ಗುಜರಿಯವನನ್ನು ಕಳಿಸಿದ. ಹೋಗುವಾಗ ತಾಡಪತ್ರಿ ಮಡಚಿ ಒಳಗಿಟ್ಟು ಹೋದ. ಗೋಪಣ್ಣನಿಗೆ ಸಾವಕ್ಕನೇ ಫೋನ್ ಮಾಡಿದಳು. ಗಾಡಿ ಕಳಿಸುತ್ತೇನೆ, ಬೊಡ್ಡೆ ಇರಬಾರದು, ಸೀಳಿದ್ದೇ ಇರಬೇಕು ಎಂದ ಅವನು. ಸೀಳಿದ್ದೇ ಇದೆ ಎಂದಳು.

ಆವತ್ತಿನಿಂದ ದಿನಾ ಬೆಳಿಗ್ಗೆ ಗಿಡ್ಡ ಚಾಲೂ ಆಗುತ್ತದೆ. ಸೀರೆಯ ಅಂಚು ಎಡಗೈಯಲ್ಲಿ, ಹ್ಯಾಂಡಲ್ ಬಲಗೈಯಲ್ಲಿ. ಊರ ಜನ ಒಂದೆರಡು ದಿನ ಬಂದು ನೋಡಿದರು, ಆಮೇಲೆ ಬಿಟ್ಟರು. ದಿಲಶಾದಬಿ ಮಾತ್ರ ಒಂದು ದಿನ ಗೋಡೆಯ ಮೇಲಿಂದ ಕೂಗಿ ಹೇಳಿದಳು: "ಸಾವಕ್ಕ, ನಾ ಕೆರಿ ಕಡಿಂದ ಬರಾಕತ್ತಿದ್ದೆ. ಸಪ್ಪಳ ಕೇಳಿ ಗೋಣೆಪ್ಪ ಬಂದಾ ಅಂತ ತಿಳದೆ ನೋಡು. ಹೌಹಾರಿದೆ."

ಆ ಮಾತು ಸಾವಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು. ತನಗೆ ಹಾಗೆ ಅನ್ನಿಸಿಯೇ ಇರಲಿಲ್ಲ. ಗಿಡ್ಡನ ಪಕ್ಕದಲ್ಲೇ ನಿಂತರೆ ಅದು ಬರೀ ಗದ್ದಲ. ಕಿವಿ ಗುಂಯ್ ಅನ್ನುತ್ತದೆ, ಎದೆ ನಡುಗುತ್ತದೆ, ನಡುವೆ ನುಂಗಿದ ಬಡಿತ ಕೇಳುವುದೇ ಇಲ್ಲ. ಅವಳಿಗೆ ಗೊತ್ತಿದ್ದ ಸದ್ದು ದೂರದ್ದು. ಅದನ್ನು ಉಳಿಸಿಕೊಳ್ಳಲೆಂದೇ ಇಷ್ಟೆಲ್ಲ ಮಾಡಿದ್ದು. ಈಗ ಸದ್ದು ಮಾಡುವವಳೂ ತಾನೇ, ದೂರ ನಿಂತು ಕೇಳುವವಳೂ ತಾನೇ ಆಗುವುದು ಹೇಗೆ?

ಗೋಪಣ್ಣನ ಎರಡನೆಯ ಲೋಡಿಗೆ ಫಕೀರೇಶ ಗರಗಸದ ಹಲ್ಲು ಮಸೆಯಲು ಬಂದಿದ್ದ. ಮಸೆದ ಮೇಲೆ ಸಾವಕ್ಕ ಕೇಳಿದಳು.

"ಒಂದ ತಾಸು ನೀನ ನಡಸ್ತಿ ಏನಪಾ? ನಾ ಹೊಲಕ್ಕ ಹೋಗಿ ಬರತೇನಿ."

"ಹೊಲದಾಗೇನ ಐತಿ ಈಗ? ಹತ್ತಿ ಮುಗೀತಲ್ಲ."

"ಏನಿಲ್ಲ. ಹೋಗಿ ಬರತೇನಿ."

ಹೊಲದಲ್ಲಿ ಏನೂ ಇರಲಿಲ್ಲ. ಒಣಗಿದ ಹತ್ತಿ ಗಿಡಗಳು ಸಾಲು ಸಾಲು ನಿಂತಿದ್ದವು. ಅವಳು ಎಂದಿನ ಬದುವಿನ ಹತ್ತಿರ ಹೋಗಿ ನಿಂತಳು. ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಮೊದಲು ಅವುಗಳ ಸದ್ದು ಮಾತ್ರ. ಆಮೇಲೆ ಗಾಳಿ ಸ್ವಲ್ಪ ಇಳಿಯಿತು.

ಧಕ್, ಧಕ್. ಒಂದು ಬಡಿತ ನುಂಗಿಕೊಂಡು ಮತ್ತೆ ಧಕ್.

ಅವಳ ಕೈ ತಾನಾಗಿ ಉಡಿಗೆ ಹೋಯಿತು. ಉಡಿಯಲ್ಲಿ ಹತ್ತಿ ಇರಲಿಲ್ಲ. ಆದರೂ ಕೊಡವಿಕೊಂಡಳು. ತಿರುಗಿ ಮನೆಯ ದಾರಿ ಹಿಡಿದಳು. ಜೋಳದ ಹಿಟ್ಟು ಎಷ್ಟು ಉಳಿದಿದೆ, ಪಲ್ಲೆಗೆ ಏನಿದೆ ಎಂದು ಯೋಚಿಸುತ್ತ ಜಲ್ದಿ ಜಲ್ದಿ ನಡೆದಳು. ಹಳ್ಳ ದಾಟಿದಳು. ಊರ ಮುಂದಿನ ಹುಣಸೆಮರದ ಹತ್ತಿರ ಬಂದಾಗ ಸದ್ದು ನಿಂತಿತು.

ಅವಳೂ ನಿಂತಳು. ಬೊಡ್ಡೆ ಮುಗಿದಿರಬೇಕು. ಫಕೀರೇಶ ಇಂಜಿನ್ ಆರಿಸಿದ್ದಾನೆ.

ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಗೆ ಹೋದಳು. ಹಂಚು ಇಟ್ಟಳು. ಫಕೀರೇಶ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದ. ಪುಡಿಯೆಲ್ಲ ಅವನ ಕಾಲಿಗೇ ಬಿದ್ದಿತ್ತು.

"ಎಷ್ಟ ರೊಟ್ಟಿ ಬಡೀಲಿ?" ಎಂದು ಒಳಗಿನಿಂದ ಕೇಳಿದಳು.

"ಎರಡ ಸಾಕ ಯಕ್ಕಾ."

ಹಿಟ್ಟಿನ ಡಬ್ಬಿ ತೆಗೆದಳು. ಅವನಿಗೆ ಎರಡು, ತನಗೆ ಒಂದು.